ಲಿಫ್ಟ್ ಏಳ್ತಿಲ್ವಾ? ಪಂಪ್ ಬಿಚ್ಚುವ ಮೊದಲು ಎಣ್ಣೆ ನೋಡಿ

ಈ ವಾರ ಜೀವಾಮೃತ, ಹಸಿರೆಲೆ ಗೊಬ್ಬರದ ಸುದ್ದಿಗೆ ರಜೆ. ಟ್ರ್ಯಾಕ್ಟರಿನ ಹೊಟ್ಟೆಯೊಳಗಿನ ಎಣ್ಣೆಯ ಬಗ್ಗೆ ಮಾತಾಡೋಣ. ನಾನು ಓದಿದ್ದು ತೋಟಗಾರಿಕೆ, ಮೆಕ್ಯಾನಿಕ್ ಅಲ್ಲ. ಆದರೆ ಹೈಡ್ರಾಲಿಕ್ ಕೈಕೊಟ್ಟಾಗ ಏನು ಮಾಡಬಾರದು ಅನ್ನೋದನ್ನು ಹದಿನೆಂಟು ಸಾವಿರ ರೂಪಾಯಿ ಕೊಟ್ಟು ಕಲಿತಿದ್ದೇನೆ. ಆ ಪಾಠ ನಿಮಗೆ ಪುಕ್ಕಟೆ ಸಿಗಲಿ.

ಎರಡು ವರ್ಷದ ಹಿಂದೆ, ಕಕ್ಕಡ ತಿಂಗಳು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ನಮ್ಮ ಕೊಡಗಿನಲ್ಲಿ ಮಳೆ ಜಡಿಯುವ ಕಾಲ ಅದು. ಮಡಿಕೇರಿ ಹತ್ತಿರದ ನಮ್ಮ ತೋಟದ ದಾರಿಗೆ ಒಂದು ರಾತ್ರಿ ಮೇಲಿನ ದರೆ ಜಾರಿ ಸೊಂಟದೆತ್ತರ ಮಣ್ಣು ಬಿದ್ದಿತ್ತು. ದಾರಿಯ ತುದಿಯಲ್ಲಿ ಎರಡು ಮನೆ. ಒಂದು ಮನೆಯ ಹಿರಿಯರು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಮಡಿಕೇರಿಗೆ ಹೋಗಬೇಕು. ಹಿಮ ಬೀಳುವ ನಾಡಿನಲ್ಲಿ ಲಾರಿ ಮುಂದೆ ದೊಡ್ಡ ಬ್ಲೇಡ್ ಕಟ್ಟಿ ರಸ್ತೆಯ ಹಿಮ ತಳ್ಳೋದನ್ನು ಮೊಬೈಲ್‌ನಲ್ಲಿ ನೋಡಿರ್ತೀರಿ. ನಮಗೆ ಹಿಮ ಇಲ್ಲ, ಮಣ್ಣು ಇದೆ. ನಮ್ಮ ಟ್ರ್ಯಾಕ್ಟರಿನ ಮುಂದೆಯೂ ಅಂಥದ್ದೇ ಒಂದು ಬ್ಲೇಡ್ ಇದೆ. ಏಳೋದು, ಇಳಿಯೋದು ಎಲ್ಲಾ ಹೈಡ್ರಾಲಿಕ್ ಎಣ್ಣೆಯಿಂದಲೇ.

ಬೆಳಿಗ್ಗೆ ಒಂದು ಗಂಟೆ ಚೆನ್ನಾಗಿಯೇ ಕೆಲಸ ಮಾಡಿತು. ಆಮೇಲೆ ಬ್ಲೇಡ್ ಏಳೋದು ನಿಧಾನವಾಯ್ತು, ನಡುಗತೊಡಗಿತು. ಮಧ್ಯಾಹ್ನದ ಹೊತ್ತಿಗೆ ನೆಲ ಬಿಟ್ಟು ಮೇಲೇಳಲೇ ಇಲ್ಲ. ಆ ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ, ಮಳೆಯಲ್ಲಿ ನಾಲ್ಕು ಜನ ಕೆಸರು ದಾಟಿಸಿ ಜೀಪ್ ಹತ್ತಿಸಿದೆವು. ಮಾರನೇ ದಿನ ಬಂದ ಮೆಕ್ಯಾನಿಕ್ ಶಬ್ದ ಕೇಳಿ "ಪಂಪ್ ಹೋಗಿದೆ" ಅಂದರು. ಹೊಸ ಪಂಪ್, ಒಂದಷ್ಟು ಹೊಸ ಎಣ್ಣೆ, ಕೂಲಿ ಎಲ್ಲಾ ಸೇರಿ ಹದಿನೆಂಟು ಸಾವಿರ. ಎರಡು ದಿನ ಓಡಿತು. ಮೂರನೇ ದಿನ ಮತ್ತೆ ಅದೇ ರಾಗ.

ಆಗ ಕುಶಾಲನಗರದ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಪ್ರಶ್ನೆ: "ಡಿಪ್‌ಸ್ಟಿಕ್ ನೋಡಿದ್ರಾ?" ನೋಡಿರಲಿಲ್ಲ. ಎಳೆದು ನೋಡಿದರೆ ಎಣ್ಣೆ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿತ್ತು. ಕೊಡಗಲ್ಲಿ ಎಲ್ಲೆಲ್ಲೂ ಕಾಫಿ ಸಿಗುತ್ತೆ ಅಂತಾರೆ, ನನಗೆ ಗೇರ್‌ಬಾಕ್ಸಿನಲ್ಲೂ ಸಿಕ್ಕಿತು! ಎಣ್ಣೆಗೆ ನೀರು ಸೇರಿ, ಆ ಬೆಣ್ಣೆಯಂಥ ಜಿಡ್ಡು ಸಕ್ಷನ್ ಜಾಲರಿಯನ್ನು ಮುಚ್ಚಿತ್ತು. ನೀರು ಬಂದದ್ದು ಗೇರ್ ಲಿವರ್‌ನ ಬುಡದ ಹರಿದ ರಬ್ಬರ್ ಟೋಪಿಯಿಂದ. ಮಳೆಯಲ್ಲಿ ಟ್ರ್ಯಾಕ್ಟರನ್ನು ಸಿಲ್ವರ್ ಓಕ್ ಮರದ ಕೆಳಗೆ ನಿಲ್ಲಿಸಿದ್ದು ನಾನೇ. ಹಳೇ ಪಂಪ್ ನಿರಪರಾಧಿ.

ಈ ಲೇಖನದ ಸಾರ ಇಷ್ಟೇ: ದುಡ್ಡು ಬೇಡದ ಪರೀಕ್ಷೆಗಳನ್ನು ಮೊದಲು ಮಾಡಿ, ಪಂಪ್ ಮೇಲೆ ಅನುಮಾನ ಕೊನೆಗೆ ಇಟ್ಟುಕೊಳ್ಳಿ.

ಒಳಗೆ ನಡೆಯೋದೇನು?

ಪಂಪ್ ಎಣ್ಣೆಯನ್ನು ಜಾಲರಿಯ ಮೂಲಕ ಹೀರಿ, ವಾಲ್ವ್ ಕಡೆಗೆ ತಳ್ಳುತ್ತೆ. ನೀವು ಲಿವರ್ ಎಳೆದಾಗ ವಾಲ್ವ್ ಆ ಎಣ್ಣೆಯನ್ನು ಸಿಲಿಂಡರಿಗೆ ಬಿಡುತ್ತೆ. ಭಾರ ಮಿತಿ ಮೀರಿದರೆ ರಿಲೀಫ್ ವಾಲ್ವ್ ತೆರೆದು ಎಣ್ಣೆಯನ್ನು ವಾಪಸ್ ಟ್ಯಾಂಕಿಗೆ ಕಳಿಸುತ್ತೆ. ಮನೆಯ ಫ್ಯೂಸ್ ಇದ್ದ ಹಾಗೆ.

ಒಂದು ಸಣ್ಣ ಲೆಕ್ಕ. ಸಿಲಿಂಡರಿನ ಒಳವ್ಯಾಸ 5 ಸೆಂ.ಮೀ. ಇದ್ದರೆ ಅದರ ಮುಖದ ವಿಸ್ತೀರ್ಣ ಸುಮಾರು 19.6 ಚದರ ಸೆಂ.ಮೀ. ಪ್ರತಿ ಚದರ ಸೆಂ.ಮೀ.ಗೆ 150 ಕೆ.ಜಿ. ಒತ್ತಡ ಇದ್ದರೆ ಸಿಲಿಂಡರ್ ತಳ್ಳುವ ಬಲ ಸುಮಾರು 2,900 ಕೆ.ಜಿ. ಒತ್ತಡ ಅರ್ಧಕ್ಕೆ ಇಳಿದರೆ ಬಲವೂ ಅರ್ಧ. ಹಾಗೇ, ನಿಮಿಷಕ್ಕೆ ಎಷ್ಟು ಲೀಟರ್ ಎಣ್ಣೆ ಬರುತ್ತೆ ಅನ್ನೋದರ ಮೇಲೆ ಏಳುವ ವೇಗ ನಿಂತಿದೆ. ನೆನಪಿಡಿ: ಒತ್ತಡ ಅಂದರೆ ಬಲ, ಹರಿವು ಅಂದರೆ ವೇಗ. "ನಿಧಾನ ಏಳುತ್ತೆ, ಆದರೆ ಭಾರ ಎತ್ತುತ್ತೆ" ಅಂದರೆ ಹರಿವಿನ ತೊಂದರೆ. "ಖಾಲಿ ಇದ್ದಾಗ ಸರಸರ ಏಳುತ್ತೆ, ಭಾರ ಹಾಕಿದರೆ ಇಲ್ಲ" ಅಂದರೆ ಒತ್ತಡದ ತೊಂದರೆ.

ಮುಟ್ಟುವ ಮೊದಲು: ಈ ಭಾಗ ಬಿಟ್ಟು ಮುಂದೆ ಹೋಗಬೇಡಿ

1. ಸೋರಿಕೆ ಹುಡುಕಲು ಬರಿಗೈ ಆಡಿಸಬೇಡಿ. ನಾನು ಹೋಸ್ ಮೇಲೆ ಕೈ ಸವರುತ್ತಿದ್ದಾಗ ಆ ಹಿರಿಯ ಮೆಕ್ಯಾನಿಕ್ ನನ್ನ ಕೈಗೆ ಫಟ್ ಅಂತ ಹೊಡೆದು ದೂಡಿದರು. ಸೂಜಿಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತೆ. ಗ್ಲೌಸ್ ಹಾಕಿದ್ದರೂ ತಡೆಯಲ್ಲ. ಹೊರಗೆ ಮುಳ್ಳು ಚುಚ್ಚಿದಷ್ಟೇ ಗುರುತು, ಮೊದಲಿಗೆ ನೋವೂ ಕಡಿಮೆ. ಆದರೆ ಗಂಟೆಗಳೊಳಗೆ ಒಳಗಿನ ಮಾಂಸ ಹಾಳಾಗಿ ಬೆರಳು, ಕೈ ಕಳೆದುಕೊಳ್ಳಬೇಕಾಗಬಹುದು. ಹೀಗಾದರೆ ಅರಿಶಿನ ಹಚ್ಚಿ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ, "ಒತ್ತಡದ ಎಣ್ಣೆ ಚರ್ಮದೊಳಗೆ ಹೋಗಿದೆ" ಅಂತ ಡಾಕ್ಟರಿಗೆ ಸ್ಪಷ್ಟವಾಗಿ ಹೇಳಿ. ಸೋರಿಕೆ ಹುಡುಕಲು ರಟ್ಟಿನ ತುಂಡನ್ನು ಉದ್ದ ಕೋಲಿಗೆ ಕಟ್ಟಿ ಹಿಡಿಯಿರಿ, ಕಣ್ಣಿಗೆ ಕನ್ನಡಕ ಇರಲಿ.

2. ಎತ್ತಿದ ಟ್ರೇಲರ್, ಬ್ಲೇಡ್, ರೋಟವೇಟರ್ ಕೆಳಗೆ ತಲೆ ಹಾಕಬೇಡಿ. ಎಣ್ಣೆಯನ್ನು ನಂಬಿ ಯಾರೂ ಕೆಳಗೆ ಹೋಗಬಾರದು. ಗಟ್ಟಿ ಮರದ ದಿಮ್ಮಿ ಅಥವಾ ಕಬ್ಬಿಣದ ಊರೆ ಕೊಟ್ಟ ಮೇಲೆಯೇ ಕೆಲಸ.

3. ಹೋಸ್ ಬಿಚ್ಚುವ ಮೊದಲು ಎಲ್ಲವನ್ನೂ ನೆಲಕ್ಕೆ ಇಳಿಸಿ, ಎಂಜಿನ್ ಆಫ್ ಮಾಡಿ, ಲಿವರನ್ನು ಎರಡೂ ಕಡೆ ನಾಲ್ಕೈದು ಸಲ ಆಡಿಸಿ. ಒಳಗೆ ಉಳಿದ ಒತ್ತಡ ಹೋಗಲಿ.

4. ದರೆ ಜಾರಿದ ಮಣ್ಣಿನ ವಿಷಯ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಏನಾಯ್ತು ಅಂತ ನಾವು ಮರೆತಿಲ್ಲ. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿ. ಮೇಲಿನ ಗುಡ್ಡದಲ್ಲಿ ಬಿರುಕು ಕಂಡರೆ, ಹೊಸದಾಗಿ ನೀರು ಒಸರುತ್ತಿದ್ದರೆ, ಮರ ವಾಲಿದ್ದರೆ ಟ್ರ್ಯಾಕ್ಟರ್ ಒಯ್ಯಲೇಬೇಡಿ. ಪಂಚಾಯ್ತಿಗೆ, ತಾಲ್ಲೂಕು ಆಡಳಿತಕ್ಕೆ ತಿಳಿಸಿ. ದಾರಿ ನಾಳೆ ಬಿಡಿಸಬಹುದು.

ಮೊದಲ ಪ್ರಶ್ನೆ: ಸೋತಿರೋದು ಒಂದೋ, ಎಲ್ಲವೋ?

ಇದೊಂದು ಪ್ರಶ್ನೆ ಕೇಳಿಕೊಂಡರೆ ಹುಡುಕಾಟ ಅರ್ಧ ಮುಗೀತು. ಹಿಂದಿನ ಲಿಫ್ಟ್, ಮುಂದಿನ ಬ್ಲೇಡ್, ಟಿಪ್ಪಿಂಗ್ ಟ್ರೇಲರ್ ಎಲ್ಲಕ್ಕೂ ಸಾಮಾನ್ಯವಾಗಿ ಪಂಪ್ ಒಂದೇ, ಎಣ್ಣೆ ಒಂದೇ.

- ಎಲ್ಲವೂ ಸೋತಿದ್ದರೆ: ಎಣ್ಣೆ, ಜಾಲರಿ, ಫಿಲ್ಟರ್, ರಿಲೀಫ್ ವಾಲ್ವ್, ಪಂಪ್. ಈ ಕ್ರಮದಲ್ಲೇ ನೋಡಿ.
- ಒಂದೇ ಸೋತಿದ್ದು ಉಳಿದವು ಚೆನ್ನಾಗಿದ್ದರೆ: ಪಂಪ್ ಬಹುತೇಕ ಸರಿ ಇದೆ. ಆ ಒಂದರ ಹೋಸ್, ಕಪ್ಲರ್, ವಾಲ್ವ್, ಸಿಲಿಂಡರ್ ನೋಡಿ.

ನಾನು ಅಂದು ಹಿಂದಿನ ಲಿಫ್ಟ್ ಎಳೆದು ನೋಡಿದ್ದರೆ ಅದೂ ಸೋತಿರೋದು ಗೊತ್ತಾಗ್ತಿತ್ತು. ಅಲ್ಲಿಂದ ಮುಂದಿನ ಹೆಜ್ಜೆ ಡಿಪ್‌ಸ್ಟಿಕ್. ಒಂದು ನಿಮಿಷದ ಕೆಲಸ.

ಸ್ಪ್ಯಾನರ್ ಬೇಡದ ಪರೀಕ್ಷೆಗಳು

*ಲಿವರುಗಳು.* ನಗಬೇಡಿ, ಎಷ್ಟೋ "ಪಂಪ್ ಹೋಯ್ತು" ಕೇಸುಗಳು ಇಲ್ಲೇ ಮುಗಿಯುತ್ತವೆ. ಟ್ರೇಲರಿಗೆ ಎಣ್ಣೆ ತಿರುಗಿಸುವ ವಾಲ್ವ್ ಹಾಗೇ ಉಳಿದಿದ್ದರೆ ಹಿಂದಿನ ಲಿಫ್ಟ್ ಏಳಲ್ಲ. ಡ್ರಾಫ್ಟ್ ಲಿವರ್ ತಪ್ಪು ಜಾಗದಲ್ಲಿದ್ದರೂ ಅಷ್ಟೇ. ಕೆಲವು ಹಳೆಯ ಮಾದರಿಗಳಲ್ಲಿ ಪಿಟಿಓ ಲಿವರ್ ಹಾಕದಿದ್ದರೆ ಪಂಪ್ ತಿರುಗೋದೇ ಇಲ್ಲ.

*ಕಪ್ಲರ್.* ಪೂರ್ತಿ ಒಳಗೆ ಹೋಗಿ "ಕಟಕ್" ಅಂತ ಕೂತಿದೆಯಾ? ಅರ್ಧ ಕೂತ ಕಪ್ಲರ್ ಎಣ್ಣೆಯನ್ನು ತಡೆಯುತ್ತೆ. ಟ್ರೇಲರ್ ಎದ್ದು, ಇಳಿಯಲು ಹಟ ಮಾಡಿದರೆ ಮೊದಲ ಅನುಮಾನ ಇದರ ಮೇಲೆ.

*ಎಣ್ಣೆಯ ಮಟ್ಟ.* ಎಲ್ಲಾ ಸಿಲಿಂಡರ್ ಇಳಿಸಿ, ಸಮತಟ್ಟು ನೆಲದಲ್ಲಿ, ಎಂಜಿನ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ನೋಡಿ. ನಮ್ಮ ಕೊಡಗಿನಲ್ಲಿ ಸಮತಟ್ಟು ಜಾಗವೇ ಅಪರೂಪ, ಕಾಫಿ ಒಣಗಿಸುವ ಕಣ ಇದಕ್ಕೆ ಒಳ್ಳೇದು. ಇಳಿಜಾರಿನಲ್ಲಿ ಡಿಪ್‌ಸ್ಟಿಕ್ ಸುಳ್ಳು ಹೇಳುತ್ತೆ.

ಇಳಿಜಾರಿನ ಇನ್ನೊಂದು ಕಾಟ ಇದೆ. ಟ್ರೇಲರ್ ಜ್ಯಾಕಿನ ಒಳವ್ಯಾಸ 10 ಸೆಂ.ಮೀ., ಏಳುವ ಉದ್ದ 1 ಮೀಟರ್ ಅಂತ ಇಟ್ಟುಕೊಳ್ಳಿ. ಅದು ತುಂಬಲು 7.8 ಲೀಟರಿಗೂ ಹೆಚ್ಚು ಎಣ್ಣೆ ಬೇಕು. ಅಷ್ಟೂ ಎಣ್ಣೆ ಟ್ರ್ಯಾಕ್ಟರಿನಿಂದಲೇ ಹೋಗಬೇಕು. ಮೊದಲೇ ಎಣ್ಣೆ ಕಮ್ಮಿ, ಟ್ರ್ಯಾಕ್ಟರ್ ಇಳಿಜಾರಿನಲ್ಲಿ ನಿಂತಿದೆ ಅಂದರೆ ಪಂಪಿನ ಬಾಯಿಗೆ ಎಣ್ಣೆ ಸಿಗದೆ ಗಾಳಿ ಹೀರುತ್ತೆ. ಗೊಬ್ಬರ ತುಂಬಿದ ಟ್ರೇಲರ್ ಅರ್ಧಕ್ಕೆ ನಿಂತು ನಡುಗುತ್ತೆ. ಇಳಿಜಾರಿಗೆ ಅಡ್ಡವಾಗಿ ನಿಲ್ಲಿಸಿ ಟ್ರೇಲರ್ ಎತ್ತಿದರೆ ಮಗುಚುವ ಅಪಾಯ ಬೇರೆ.

ಎಣ್ಣೆಯ ಬಣ್ಣ ಓದಿ

ಡಿಪ್‌ಸ್ಟಿಕ್‌ನ ಎಣ್ಣೆಯನ್ನು ಬಿಳಿ ಕಾಗದದ ಮೇಲೆ ಒರೆಸಿ, ಫೋಟೊ ತೆಗೆದಿಡಿ.

- ಹಾಲು ಕಾಫಿ ಬಣ್ಣ: ನೀರು ಸೇರಿದೆ. ಖಚಿತ ಮಾಡಿಕೊಳ್ಳಲು ಗಾಜಿನ ಬಾಟಲಿಗೆ ಸ್ವಲ್ಪ ಎಣ್ಣೆ ಹಾಕಿ ರಾತ್ರಿಯಿಡೀ ಅಲುಗಾಡಿಸದೆ ಇಡಿ. ತಳದಲ್ಲಿ ನೀರು ಕೂರಬಹುದು. ಚೆನ್ನಾಗಿ ಬೆರೆತ ನೀರು ಬೇರೆಯಾಗದೇ ಇರಬಹುದು. ಆಗ ಕಾದ ಕಬ್ಬಿಣದ ತಗಡಿನ ಮೇಲೆ ದೂರದಿಂದ ಒಂದೇ ಹನಿ ಬಿಡಿ. ಒಗ್ಗರಣೆ ಥರ ಚಟಪಟ ಅಂದರೆ ನೀರಿದೆ.
- ನೊರೆ, ಗುಳ್ಳೆ: ಗಾಳಿ ಸೇರುತ್ತಿದೆ. ಮಟ್ಟ ಕಮ್ಮಿ ಇರಬಹುದು, ಇಲ್ಲವೇ ಹೀರುವ ಕಡೆಯ ಪೈಪಿನ ಓ-ರಿಂಗ್ ಸಡಿಲ.
- ಕಪ್ಪು, ಸುಟ್ಟ ವಾಸನೆ: ಎಣ್ಣೆ ಅತಿಯಾಗಿ ಕಾದಿದೆ. ರಿಲೀಫ್ ವಾಲ್ವ್ ಪದೇ ಪದೇ ತೆರೆಯುತ್ತಿರಬಹುದು, ಅಥವಾ ಎಣ್ಣೆಗೆ ವಯಸ್ಸಾಗಿದೆ.
- ಮಿನುಗುವ ಪುಡಿ: ಲೋಹ ಸವೆಯುತ್ತಿದೆ. ಇನ್ನು ಓಡಿಸಬೇಡಿ. ಇಲ್ಲಿ ಮಾತ್ರ ಪಂಪ್ ಅಥವಾ ಗೇರ್ ಮೇಲೆ ನಿಜವಾದ ಅನುಮಾನ ಬರಬೇಕು.

ಶಬ್ದ ಕೇಳಿ

ಎಂಜಿನ್ ವೇಗ ಏರಿಸಿದಂತೆ ಏರುವ ಸಿಳ್ಳೆಯಂಥ ಕೊರೆತ ಅಂದರೆ ಪಂಪಿಗೆ ಎಣ್ಣೆ ಸಾಲುತ್ತಿಲ್ಲ. ಜಾಲರಿ ಕಟ್ಟಿದೆ, ಇಲ್ಲವೇ ಗಾಳಿ ನುಗ್ಗುತ್ತಿದೆ. ನಮ್ಮ ಮೊದಲ ಮೆಕ್ಯಾನಿಕ್ ಪಂಪಿನ ಸಾವು ಅಂದುಕೊಂಡದ್ದು ಇದೇ ಶಬ್ದವನ್ನು. ಗಾಳಿ ಎಲ್ಲಿಂದ ಅಂತ ತಿಳಿಯಲು ಒಂದು ಉಪಾಯ: ಹೀರುವ ಪೈಪಿನ ಜೋಡಣೆ ಹೊರಗಿದ್ದರೆ ಅದರ ಸುತ್ತ ದಪ್ಪಗೆ ಗ್ರೀಸ್ ಮೆತ್ತಿ ಎಂಜಿನ್ ಶುರು ಮಾಡಿ. ಶಬ್ದ ತಗ್ಗಿದರೆ ತೂತು ಅಲ್ಲೇ. ಇದು ಹೀರುವ ಕಡೆಗೆ ಮಾತ್ರ, ಒತ್ತಡದ ಹೋಸ್ ಹತ್ತಿರ ಕೈ ಬೇಡ.

ಸಿಲಿಂಡರ್ ತುದಿ ಮುಟ್ಟಿದಾಗ ಅಥವಾ ಭಾರ ಹೆಚ್ಚಾದಾಗ ಮಾತ್ರ ಕಿರುಚಿದರೆ ಅದು ರಿಲೀಫ್ ವಾಲ್ವ್. ಅದು ತನ್ನ ಕೆಲಸ ಮಾಡ್ತಿದೆ. ಲಿವರ್ ಬಿಡಿ, ಅಷ್ಟೇ. "ಸ್ವಲ್ಪ ಟೈಟ್ ಮಾಡಿದ್ರೆ ಪವರ್ ಬರುತ್ತೆ" ಅಂತ ಯಾರಾದರೂ ಆ ಸ್ಕ್ರೂ ತಿರುಗಿಸಲು ಬಂದರೆ ಕೈ ಹಿಡಿದು ನಿಲ್ಲಿಸಿ. ಫ್ಯೂಸ್ ಜಾಗಕ್ಕೆ ದಪ್ಪ ತಂತಿ ಕಟ್ಟಿದಂಗೆ ಅದು. ಹೋಸ್ ಸಿಡಿಯುತ್ತೆ, ಇಲ್ಲವೇ ಪಂಪ್ ಒಡೆಯುತ್ತೆ.

ಶಬ್ದವನ್ನು ಮೊಬೈಲ್‌ನಲ್ಲಿ ವಿಡಿಯೊ ಮಾಡಿ. ತಣ್ಣಗಿದ್ದಾಗ ಒಂದು, ಬಿಸಿಯಾದ ಮೇಲೆ ಒಂದು. ಡಿಪ್‌ಸ್ಟಿಕ್ ಫೋಟೊ ಜೊತೆ ಮೆಕ್ಯಾನಿಕ್‌ಗೆ ಕಳಿಸಿದರೆ ಅವರು ಸರಿಯಾದ ಸಾಮಾನು ಹಿಡಿದು ಬರ್ತಾರೆ. ನಮ್ಮ ಬೆಟ್ಟದ ಊರುಗಳಲ್ಲಿ ಒಂದು ಓಡಾಟ ಉಳಿದರೂ ಅರ್ಧ ದಿನ ಉಳಿದ ಹಾಗೆ.

ಎತ್ತಿದ್ದು ತಾನಾಗಿ ಕುಸಿದರೆ

ಖಾಲಿ ಟ್ರೇಲರ್ ಎತ್ತಿ, ಊರೆ ಕೊಟ್ಟು, ಊರೆಗೂ ಟ್ರೇಲರಿಗೂ ನಡುವೆ ಒಂದು ಗೇಣು ಜಾಗ ಬಿಟ್ಟು, ಎಂಜಿನ್ ಆಫ್ ಮಾಡಿ ದೂರದಿಂದ ನೋಡಿ. ಹತ್ತು ನಿಮಿಷದಲ್ಲಿ ಒಂದು ಬೆರಳು ಇಳಿದರೆ ಗಾಬರಿ ಬೇಡ. ಕಣ್ಣೆದುರೇ ಕುಸಿದರೆ ಸೋರಿಕೆ ಇದೆ. ಟ್ರೇಲರ್ ಜ್ಯಾಕ್ ಒಂದೇ ದಿಕ್ಕಿಗೆ ತಳ್ಳುವಂಥದ್ದಾದರೆ ಅದರ ಸೀಲ್ ಹೋದಾಗ ಎಣ್ಣೆ ಹೊರಗೇ ಕಾಣುತ್ತೆ. ಜ್ಯಾಕ್, ಹೋಸ್, ಕಪ್ಲರ್ ಎಲ್ಲಾ ಒಣಗಿದ್ದೂ ಕುಸಿಯುತ್ತಿದೆ ಅಂದರೆ ಎಣ್ಣೆ ವಾಲ್ವ್ ಒಳಗಿಂದ ವಾಪಸ್ ಹೋಗ್ತಿದೆ.

ಹಿಂದಿನ ಲಿಫ್ಟ್ ಎಂಜಿನ್ ಓಡುವಾಗ ಬಿಕ್ಕಳಿಕೆ ಬಂದಂತೆ ಸ್ವಲ್ಪ ಇಳಿದು, ಮತ್ತೆ ತಾನೇ ಎದ್ದು, ಮತ್ತೆ ಇಳಿಯುತ್ತಿದ್ದರೆ ಒಳಗಿನ ಸಿಲಿಂಡರಿನ ಸೀಲ್ ಅಥವಾ ಕಂಟ್ರೋಲ್ ವಾಲ್ವ್ ಸವೆದಿದೆ. ಇದು ವರ್ಕ್‌ಶಾಪ್ ಕೆಲಸ. ಗದ್ದೆ ಬದುವಿನ ಮೇಲೆ, ಮಳೆಯಲ್ಲಿ ಬಿಚ್ಚಿದರೆ ಹೊಸ ಸೀಲ್ ಜೊತೆ ಮಣ್ಣೂ ಒಳಗೆ ಸೇರುತ್ತೆ.

ಪಂಪ್ ಬದಲಿಸುವ ಮೊದಲು ಗೇಜ್

ಎಣ್ಣೆ ಚೆನ್ನಾಗಿದೆ, ಜಾಲರಿ ಶುದ್ಧ, ಫಿಲ್ಟರ್ ಹೊಸದು, ಆದರೂ ಎತ್ತುತ್ತಿಲ್ಲ. ಈಗ ಮೆಕ್ಯಾನಿಕ್‌ಗೆ ಒಂದು ಮಾತು ಕೇಳಿ: "ಪ್ರೆಶರ್ ಗೇಜ್ ಹಾಕಿ ನೋಡಿದ್ರಾ?" ಕಪ್ಲರ್‌ಗೆ ಗೇಜ್ ಸಿಕ್ಕಿಸಿ, ಎಣ್ಣೆ ಬಿಸಿಯಾದ ಮೇಲೆ ಲಿವರ್ ಹಿಡಿದು ಓದಿ, ಟ್ರ್ಯಾಕ್ಟರಿನ ಕೈಪಿಡಿಯ ಅಂಕಿಗೆ ಹೋಲಿಸಬೇಕು. ಒತ್ತಡ ಸರಿ ಬಂದರೆ ರಿಲೀಫ್ ವಾಲ್ವ್ ಸರಿ ಇದೆ, ಪಂಪಿಗೆ ಬಲವೂ ಇದೆ. ಬರದಿದ್ದರೆ ಮೊದಲು ರಿಲೀಫ್ ವಾಲ್ವಿನಲ್ಲಿ ಕಸ ಸಿಕ್ಕಿದೆಯಾ ನೋಡಿಸಿ, ಆಮೇಲೆ ಪಂಪ್. ಗೇಜ್ ಹಾಕದೆ ಪಂಪ್ ಬದಲಿಸೋದು ಬಿಪಿ ನೋಡದೆ ಆಪರೇಷನ್ ಮಾಡಿದ ಹಾಗೆ.

ನೀರು ಸೇರಿದ ಎಣ್ಣೆಗೆ ಚಿಕಿತ್ಸೆ

1. ಎಣ್ಣೆ ಉಗುರುಬೆಚ್ಚಗಿದ್ದಾಗ ಎಲ್ಲಾ ಡ್ರೈನ್ ಬೋಲ್ಟ್ ಬಿಚ್ಚಿ ಪೂರ್ತಿ ಇಳಿಸಿ. ಟ್ರೇಲರ್, ಬ್ಲೇಡ್ ಸಿಲಿಂಡರುಗಳಲ್ಲೂ ಹಳೆ ಎಣ್ಣೆ ಇರುತ್ತೆ, ಮರೀಬೇಡಿ.
2. ಸಕ್ಷನ್ ಜಾಲರಿಯನ್ನು ಡೀಸೆಲ್‌ನಲ್ಲಿ ತೊಳೆದು ಒಣಗಿಸಿ. ಬಟ್ಟೆಯ ಎಳೆ ಉಳಿಯಬಾರದು. ಫಿಲ್ಟರ್ ಹೊಸದೇ ಹಾಕಿ.
3. ನೀರು ಬಂದ ದಾರಿ ಮುಚ್ಚಿ. ಗೇರ್ ಲಿವರ್ ಟೋಪಿ, ಡಿಪ್‌ಸ್ಟಿಕ್ ರಬ್ಬರ್, ಬ್ರೀದರ್, ಕಪ್ಲರ್ ಮುಚ್ಚಳ. ಇದನ್ನು ಬಿಟ್ಟರೆ ಉಳಿದದ್ದೆಲ್ಲಾ ದಂಡ.
4. ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನೇ ತುಂಬಿ. ಹಲವು ಟ್ರ್ಯಾಕ್ಟರುಗಳಲ್ಲಿ ಗೇರ್, ಬ್ರೇಕ್, ಹೈಡ್ರಾಲಿಕ್ ಮೂರಕ್ಕೂ ಒಂದೇ ಎಣ್ಣೆ. "ಯಾವುದಾದ್ರೂ ಆಗುತ್ತೆ" ಅನ್ನೋ ಮಾತು ನಂಬಬೇಡಿ.
5. ಭಾರ ಇಲ್ಲದೆ ಹತ್ತು ಹನ್ನೆರಡು ಸಲ ಪೂರ್ತಿ ಎತ್ತಿ ಇಳಿಸಿ, ಗಾಳಿ ಹೋಗಲಿ. ಮಟ್ಟ ಮತ್ತೆ ನೋಡಿ. ಬಣ್ಣ ಮತ್ತೆ ಹಾಲಿಗೆ ತಿರುಗಿದರೆ ಇನ್ನೊಂದು ಸಲ ಬದಲಿಸಬೇಕು. ನನಗೆ ಎರಡು ಸಲ ಬೇಕಾಯ್ತು.

ಹಳೆ ಎಣ್ಣೆಯನ್ನು ದಯವಿಟ್ಟು ತೋಡಿಗೆ, ತೋಟಕ್ಕೆ ಚೆಲ್ಲಬೇಡಿ. ಗೆದ್ದಲು ಬರದಿರಲಿ ಅಂತ ಬೇಲಿಗೂಟಕ್ಕೆ ಬಳಿಯೋದೂ ಬೇಡ, ಅದು ಮಣ್ಣಿಗೇ ಇಳಿಯುತ್ತೆ. ನಮ್ಮ ಗುಡ್ಡದ ನೀರು ಹೋಗಿ ಸೇರೋದು ಎಷ್ಟೋ ಜನ ಕುಡಿಯುವ ಹೊಳೆಗೆ. ಮುಚ್ಚಳದ ಕ್ಯಾನಿನಲ್ಲಿ ತುಂಬಿ, ಬಳಸಿದ ಎಣ್ಣೆಯನ್ನು ಮರುಬಳಕೆಗೆ ಕಳಿಸುವ ವರ್ಕ್‌ಶಾಪಿಗೆ ಕೊಡಿ.

ಮಳೆಗೆ ಮುಂಚೆ ಒಂದು ಬೆಳಿಗ್ಗೆ

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ. ಮೇ ತಿಂಗಳ ಒಂದು ಬೆಳಿಗ್ಗೆಯನ್ನು ಟ್ರ್ಯಾಕ್ಟರಿಗೆ ಮೀಸಲಿಡಿ. ರಬ್ಬರ್ ಟೋಪಿ ಹರಿದಿದೆಯಾ, ಹೋಸ್ ಉಬ್ಬಿದೆಯಾ, ತಂತಿ ಹೊರಗೆ ಕಾಣ್ತಿದೆಯಾ, ಕಪ್ಲರ್ ಮುಚ್ಚಳ ಇದೆಯಾ, ಎಣ್ಣೆಯ ಬಣ್ಣ ಹೇಗಿದೆ. ತೊಳೆಯುವಾಗ ಪ್ರೆಶರ್ ನೀರನ್ನು ಲಿವರ್ ಬುಡಕ್ಕೆ, ಬ್ರೀದರ್‌ಗೆ ಹಿಡಿಯಬೇಡಿ. ಶೆಡ್ ಇಲ್ಲದಿದ್ದರೆ ಸೀಟು, ಲಿವರ್ ಮುಚ್ಚುವಷ್ಟು ಟಾರ್ಪಾಲ್ ಸಾಕು. ಇದನ್ನೆಲ್ಲಾ ಕ್ರಮವಾಗಿ ಕಲಿಯಬೇಕು ಅನ್ನುವವರಿಗೆ ಆಂಧ್ರದ ಅನಂತಪುರ ಹತ್ತಿರದ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಸಂಸ್ಥೆ ಇದೆ. ರೈತರಿಗೂ ಅಲ್ಲಿ ತರಬೇತಿ ಕೊಡ್ತಾರೆ.

ಕೈಲ್ ಪೋಳ್ದ್‌ಗೆ, ಆಯುಧಪೂಜೆಗೆ ನಾವೆಲ್ಲಾ ಟ್ರ್ಯಾಕ್ಟರಿಗೆ ಹೂ ಹಾಕ್ತೀವಿ, ಕುಂಕುಮ ಇಡ್ತೀವಿ. ಇನ್ನು ಮುಂದೆ ಹೂ ಹಾಕುವ ಮೊದಲು ಡಿಪ್‌ಸ್ಟಿಕ್ಕನ್ನೂ ಒಂದು ಸಲ ಎಳೆದು ನೋಡಿ. ಕಳೆದ ಕಕ್ಕಡದಲ್ಲಿ ನಮ್ಮ ದಾರಿಗೆ ಮತ್ತೆ ಮಣ್ಣು ಬಿತ್ತು. ದರೆ ನೋಡಿಕೊಂಡು, ಮಳೆ ಬಿಟ್ಟ ಮೇಲೆ ಬ್ಲೇಡ್ ಹಾಕಿ ಎರಡು ಗಂಟೆಯಲ್ಲಿ ದಾರಿ ಬಿಡಿಸಿದೆವು. ಆ ಹಿರಿಯರು ಜೀಪಿನಲ್ಲೇ ಕೂತು ಆಸ್ಪತ್ರೆಗೆ ಹೋದರು. ಹೋಗುವಾಗ ಗಾಜು ಇಳಿಸಿ ಕೇಳಿದ್ದು ಒಂದೇ ಮಾತು: "ಈ ಸಲ ಕುರ್ಚಿ ಬೇಡ ತಾನೇ?"